ಕೆಂಚುಗೂದಲನ್ನು ಓದಿದವರು

ಕೆಂಪು ಕೂದಲಿಗೆ ಕನ್ನಡದಲ್ಲಿ ಎರಡು ಹಳೆಯ ಮಾತುಗಳಿವೆ. ಒಂದು ಕೆಂಜೆಡೆ, ಇನ್ನೊಂದು ಕೆಂಚುಗೂದಲು. ಕೆಂಜೆಡೆ ಶಿವನದು. ಅಕ್ಕಮಹಾದೇವಿ ಕಂಡ ಚೆನ್ನಮಲ್ಲಿಕಾರ್ಜುನನಿಗೂ ಕೆಂಜೆಡೆಯಿದೆ, ಕಾವ್ಯಗಳಲ್ಲಿ ಬರುವ ತಪಸ್ವಿಗಳಿಗೂ ಇದೆ. ಕೆಂಚುಗೂದಲು ಮಾತ್ರ ಓಣಿಯ ಮಕ್ಕಳದು. ಎಣ್ಣೆ ಕಾಣದೆ ಒಣಗಿದ, ಬಿಸಿಲಿಗೆ ಬಾಡಿದ, ತುದಿ ತಾಮ್ರದ ಬಣ್ಣಕ್ಕೆ ತಿರುಗಿದ ಕೂದಲಿಗೆ ಆ ಹೆಸರು. ಅಂಥ ಕೂದಲಿನ ಹುಡುಗನನ್ನು ಕೆಂಚ ಎಂದೂ ಹುಡುಗಿಯನ್ನು ಕೆಂಚಿ ಎಂದೂ ಕರೆಯುತ್ತಾರೆ. ಕೆಂಚಪ್ಪ, ಕೆಂಚವ್ವ ಎಂಬ ಹೆಸರುಗಳೂ ಅದೇ ಬೇರಿನವು. ಬಣ್ಣ ಒಂದೇ. ದೇವರ ತಲೆಯಲ್ಲಿದ್ದರೆ ಅದು ಮಹಿಮೆ, ಮಗುವಿನ ತಲೆಯಲ್ಲಿದ್ದರೆ ಅಡ್ಡಹೆಸರು.

ಈ ಎರಡು ಮಾತುಗಳ ನಡುವಿನ ಅಂತರ ಒಂದು ಮಗುವಿನ ಬದುಕನ್ನೇ ತೀರ್ಮಾನಿಸಿದ ಪ್ರದೇಶವೊಂದು ನಮ್ಮಲ್ಲಿದೆ. ಅದು ಬೆಳಗಾವಿ ಜಿಲ್ಲೆಯ ಉತ್ತರ ಭಾಗ, ಅಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ನಿಪ್ಪಾಣಿ ಮತ್ತು ಕಾಗವಾಡ ತಾಲ್ಲೂಕುಗಳಾದದ್ದು ಈಚೆಗೆ. ಅದಕ್ಕೂ ಮೊದಲು ನಿಪ್ಪಾಣಿ ಚಿಕ್ಕೋಡಿಯಲ್ಲಿ, ಕಾಗವಾಡ ಅಥಣಿಯಲ್ಲಿ ಸೇರಿದ್ದವು. ಕೃಷ್ಣೆ ಹರಿಯುವ ಈ ಸೀಮೆಯಲ್ಲಿ ಕಬ್ಬು, ತಂಬಾಕು ಬೆಳೆಯುವ ಹೊಲಗಳಿವೆ. ಪೂರ್ವಕ್ಕೆ ಅಥಣಿಯ ಕಡೆ ಸರಿದಷ್ಟೂ ಮಳೆ ಕಡಿಮೆ. ಮನೆಮಾತು ಕನ್ನಡವಾದರೆ ಸಂತೆಯಲ್ಲಿ ಮರಾಠಿಯೂ ನಡೆಯುತ್ತದೆ. ಕೊಲ್ಹಾಪುರ, ಸಾಂಗ್ಲಿ, ಮಿರಜ ಇಲ್ಲಿಗೆ ಪಕ್ಕದ ಊರುಗಳು.

ಐರ್ಲೆಂಡ್, ಸ್ಕಾಟ್‌ಲೆಂಡ್‌ಗಳಲ್ಲಿ ಹುಟ್ಟಿನಿಂದಲೇ ಕೆಂಪು ಕೂದಲಿರುವ ಮಕ್ಕಳು ಸಾಮಾನ್ಯ. ಎಂಸಿ1ಆರ್ ಎಂಬ ವಂಶವಾಹಿಯ ಮಾರ್ಪಾಡು ತಂದೆ ತಾಯಿ ಇಬ್ಬರಿಂದಲೂ ಬಂದಾಗ ಆ ಬಣ್ಣ ಬರುತ್ತದೆ. ನಮ್ಮ ಕಡೆಯ ಕೆಂಚು ಹಾಗೆ ರಕ್ತದಲ್ಲಿ ಬಂದದ್ದಲ್ಲ. ಬಹುಮಟ್ಟಿಗೆ ಅದು ಮನೆಯ ಸ್ಥಿತಿಯಿಂದ ಬಂದದ್ದು. ತಲೆಗೆ ಹಚ್ಚಲು ಎಣ್ಣೆ ಇಲ್ಲ, ಎರೆಯಲು ಸಾಕಷ್ಟು ನೀರಿಲ್ಲ, ನಸುಕಿನಲ್ಲೇ ಕೂಲಿಗೆ ಹೋಗುವ ತಾಯಿಗೆ ಮಗುವಿನ ತಲೆ ಬಾಚುವಷ್ಟು ಹೊತ್ತಿಲ್ಲ. ಒಣಗಿದ ಕೂದಲು ಬೇಗ ಸಿಕ್ಕಾಗುತ್ತದೆ. ಸಿಕ್ಕು ಬಿಡಿಸದೆ ಹೋದರೆ ಗಂಟಾಗುತ್ತದೆ. ಗಂಟಿಗೆ ಧೂಳು, ಬೆವರು ಸೇರಿ ಹಗ್ಗದಂತೆ ಹೊಸೆದುಕೊಳ್ಳುತ್ತದೆ. ಹಾಗೆ ಹೊಸೆದುಕೊಂಡದ್ದನ್ನು ಇಲ್ಲಿಯವರು ಸಿಕ್ಕು ಎನ್ನುವುದಿಲ್ಲ. ‘ಜಡಿ ಬಂದಾವ’ ಎನ್ನುತ್ತಾರೆ. ಮರಾಠಿಯಲ್ಲಿ ಅದೇ ‘ಜಟ್’. ಕೆಂಚುಗೂದಲು ಕೆಂಜೆಡೆಯಾಗುವುದು ಈ ಮಾತಿನಲ್ಲಿ. ಇನ್ನು ಅದು ಮಗುವಿನ ಕೂದಲಲ್ಲ, ಸವದತ್ತಿಯ ಎಲ್ಲಮ್ಮ ಮಗುವನ್ನು ಕೇಳಿದ್ದಕ್ಕೆ ಗುರುತು.

ಈ ನಂಬಿಕೆ ಬರಿಯ ಅಜ್ಞಾನದಿಂದ ಹುಟ್ಟಿತು ಎಂದುಬಿಟ್ಟರೆ ಅದರ ಬಲ ನಮಗೆ ತಿಳಿಯುವುದಿಲ್ಲ. ಮಗುವಿನ ಕೂದಲು ದೇವರದು ಎಂಬ ಭಾವನೆ ನಮ್ಮಲ್ಲಿ ಎಲ್ಲ ಜಾತಿಗಳಲ್ಲೂ ಇದೆ. ಜವಳ ತೆಗೆಸುವ ಶಾಸ್ತ್ರವನ್ನೇ ನೋಡಿ. ಹುಟ್ಟುಗೂದಲನ್ನು ಮನೆದೇವರ ಮುಂದೆ, ಸೋದರಮಾವನ ತೊಡೆಯ ಮೇಲೆ ಕೂರಿಸಿ ತೆಗೆಸುತ್ತಾರೆ. ಅಲ್ಲಿಯವರೆಗೆ ಕತ್ತರಿ ಮುಟ್ಟಿಸುವಂತಿಲ್ಲ. ಹರಕೆ ಹೊತ್ತವರು ವರ್ಷಗಟ್ಟಲೆ ಕೂದಲು ಬಿಟ್ಟು, ಕೊನೆಗೆ ದೇವರಿಗೆ ಮುಡಿ ಕೊಡುತ್ತಾರೆ. ಇದರ ಲೆಕ್ಕಾಚಾರ ಸರಳ: ಮಗುವಿನ ಬದಲಿಗೆ ಕೂದಲು. ದೇವರು ಕೂದಲನ್ನು ತೆಗೆದುಕೊಂಡು ಮಗುವನ್ನು ಮನೆಗೆ ಬಿಟ್ಟುಕೊಡುತ್ತಾನೆ. ಜಡೆಯ ವಿಷಯದಲ್ಲಿ ಈ ಲೆಕ್ಕ ತಿರುಗುಮುರುಗಾಯಿತು. ಕತ್ತರಿಸಿದರೆ ತಾಯಿ ಮುನಿಯುತ್ತಾಳೆ, ಮನೆಯಲ್ಲಿ ಸಾವು ನೋವಾಗುತ್ತದೆ, ಕಣ್ಣು ಹೋಗುತ್ತದೆ ಎಂಬ ಭಯದಲ್ಲಿ ಕೂದಲನ್ನು ಉಳಿಸಿಕೊಂಡು ಅದರ ಹಿಂದೆ ಮಗುವನ್ನೇ ಕೊಟ್ಟರು.

ಕೊಡುವ ರೀತಿ ಈ ಸೀಮೆಯ ಜಾನಪದ ಓದಿದವರಿಗೆ ಗೊತ್ತಿರುವಂಥದ್ದೇ. ಹುಡುಗಿಯನ್ನು ಸವದತ್ತಿ ಗುಡ್ಡಕ್ಕೋ, ಅಥಣಿ ತಾಲ್ಲೂಕಿನ ಕೋಕಟನೂರಿನ ಎಲ್ಲಮ್ಮನಿಗೋ ಕರೆದೊಯ್ಯುವುದು, ಕೊರಳಿಗೆ ಕೆಂಪು ಬಿಳಿ ಮಣಿಗಳ ಮುತ್ತು ಕಟ್ಟಿಸುವುದು, ಹಣೆಗೆ ಭಂಡಾರ ಹಚ್ಚುವುದು, ಕೈಗೆ ಪಡಲಗಿ ಕೊಡುವುದು. ಆಮೇಲೆ ಮಂಗಳವಾರ, ಶುಕ್ರವಾರ ಜೋಗ ಬೇಡುವ ಬದುಕು. ಮುತ್ತು ಕಟ್ಟಿಸಿಕೊಂಡವಳಿಗೆ ಮನುಷ್ಯರೊಂದಿಗೆ ಮದುವೆಯಿಲ್ಲ. ದೊಡ್ಡವಳಾದ ಮೇಲೆ ಊರಿನ ಉಳ್ಳವನೊಬ್ಬ ಅವಳನ್ನು ‘ಇಟ್ಟುಕೊಳ್ಳುತ್ತಾನೆ’. ಇಪ್ಪತ್ತನೆಯ ಶತಮಾನದಲ್ಲಿ ಈ ಹಾದಿ ಇನ್ನೂ ಮುಂದಕ್ಕೆ, ಸಾಂಗ್ಲಿ, ಪುಣೆ, ಮುಂಬೈಗಳ ವೇಶ್ಯಾವಾಟಿಕೆಗಳವರೆಗೆ ಚಾಚಿಕೊಂಡಿತು. ರೈಲು, ಬಸ್ಸು, ಮಧ್ಯವರ್ತಿಗಳು ಎಲ್ಲರೂ ಈ ಗಡಿಭಾಗಕ್ಕೆ ಹತ್ತಿರವೇ ಇದ್ದರು.

ಜಡೆಯೊಂದೇ ಕಾರಣವಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಗಂಡುಮಕ್ಕಳಿಲ್ಲದ ಮನೆಯಲ್ಲಿ ಮಗಳಿಗೆ ಮುತ್ತು ಕಟ್ಟಿದರೆ ಅವಳು ಮಗನ ಸ್ಥಾನಕ್ಕೆ ಬರುತ್ತಿದ್ದಳು. ತವರಿನಲ್ಲೇ ಉಳಿದು ತಂದೆಯ ಮನೆ ಹೊಲಗಳಿಗೆ ಹಕ್ಕುದಾರಳಾಗುತ್ತಿದ್ದಳು, ಮುಪ್ಪಿನಲ್ಲಿ ತಂದೆ ತಾಯಿಯನ್ನು ನೋಡಿಕೊಳ್ಳುತ್ತಿದ್ದಳು, ಸತ್ತಾಗ ಸಂಸ್ಕಾರ ಮಾಡುತ್ತಿದ್ದಳು. ವಾಸಿಯಾಗದ ಕಾಯಿಲೆ, ತೀರಿಸಲಾಗದ ಹರಕೆ, ಮನೆತನದಲ್ಲಿ ಮೊದಲಿನಿಂದ ನಡೆದುಬಂದ ರೂಢಿ ಇವೂ ಕಾರಣಗಳಾಗಿದ್ದವು. ಎಲ್ಲಮ್ಮನ ಭಕ್ತರು ಎಲ್ಲ ಜಾತಿಗಳಲ್ಲೂ ಇದ್ದಾರೆ, ಜಡೆಯೂ ಯಾರ ತಲೆಯಲ್ಲಾದರೂ ಬರಬಹುದು. ಆದರೆ ದೇವದಾಸಿಯರಾದವರಲ್ಲಿ ಬಹುಪಾಲು ದಲಿತ ಮನೆಗಳ ಹೆಣ್ಣುಮಕ್ಕಳು. ಒಂದೇ ಗುರುತನ್ನು ಒಂದು ಕೇರಿಯಲ್ಲಿ ಒಂದು ರೀತಿ, ಇನ್ನೊಂದು ಕೇರಿಯಲ್ಲಿ ಇನ್ನೊಂದು ರೀತಿ ಓದಲಾಯಿತು. ಉಳ್ಳವರ ಮನೆಯಲ್ಲಿ ಅದು ಪೂಜೆ, ಕಾಣಿಕೆಗಳಲ್ಲಿ ತೀರಬಹುದಾದ ಬಾಕಿ. ಇಲ್ಲದವರ ಮನೆಯಲ್ಲಿ ಕಾಣಿಕೆ ಕೊಡಲು ಇದ್ದದ್ದು ಮಗಳೊಬ್ಬಳೇ.

ಈ ಪದ್ಧತಿಯನ್ನು ತಡೆಯಲು ಕಾನೂನುಗಳು ಬಂದ ಕತೆಯಲ್ಲೂ ಗಡಿಯ ಗುರುತಿದೆ. ರಾಯಬಾಗ ಆಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಶಾಹೂ ಮಹಾರಾಜರು 1920ರಲ್ಲಿ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ನಿಷೇಧಿಸಿದರು. ಅಥಣಿ, ಚಿಕ್ಕೋಡಿ ಬ್ರಿಟಿಷರ ಮುಂಬೈ ಪ್ರಾಂತದಲ್ಲಿದ್ದವು. ಅಲ್ಲಿ ಮುಂಬೈ ದೇವದಾಸಿ ಸಂರಕ್ಷಣಾ ಕಾಯಿದೆ ಬಂದದ್ದು 1934ರಲ್ಲಿ. ಹೀಗೆ ಹದಿನಾಲ್ಕು ವರ್ಷ ಒಂದು ಹಳ್ಳಿಯಲ್ಲಿ ಅಪರಾಧವಾದದ್ದು ಪಕ್ಕದ ಹಳ್ಳಿಯಲ್ಲಿ ಅಪರಾಧವಾಗಿರಲಿಲ್ಲ. 1956ರಲ್ಲಿ ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿತು. ಕರ್ನಾಟಕದ ದೇವದಾಸಿ ನಿಷೇಧ ಕಾಯಿದೆ 1982ರದು, ಜಾರಿಯಾದದ್ದು 1984ರಲ್ಲಿ. ಅದರ ಪ್ರಕಾರ ಮುತ್ತು ಕಟ್ಟಿಸಿದವರಿಗೆ ಮೂರು ವರ್ಷದವರೆಗೆ ಸೆರೆವಾಸವಿತ್ತು. ಕಟ್ಟಿಸಿದವರು ತಂದೆ ತಾಯಿ, ಪೋಷಕರು ಅಥವಾ ಬಂಧುಗಳೇ ಆಗಿದ್ದರೆ ಶಿಕ್ಷೆ ಐದು ವರ್ಷದವರೆಗೆ ಏರುತ್ತಿತ್ತು, ಎರಡು ವರ್ಷಕ್ಕೆ ಕಡಿಮೆಯಾಗುವಂತಿರಲಿಲ್ಲ.

ಮೂರು ಕಾನೂನುಗಳು ಬಂದ ಮೇಲೂ 1993-94ರ ಸರ್ಕಾರಿ ಸಮೀಕ್ಷೆ ರಾಜ್ಯದಲ್ಲಿ 22,873 ದೇವದಾಸಿಯರನ್ನು ಗುರುತಿಸಿತು. 2007-08ರ ಮರುಸಮೀಕ್ಷೆಯ ಹೊತ್ತಿಗೆ ಒಟ್ಟು ಸಂಖ್ಯೆ 46,660 ಆಗಿತ್ತು. ಮೊದಲ ಎಣಿಕೆಯಲ್ಲಿ ಬಿಟ್ಟುಹೋದವರು ಎರಡನೆಯದರಲ್ಲಿ ಸೇರಿರಬಹುದು ಎಂಬುದು ನಿಜ. ಆದರೂ ಕಾನೂನಿನ ಕೈ ಎಲ್ಲಿ ಮುಟ್ಟಲಿಲ್ಲ ಎಂಬ ಪ್ರಶ್ನೆ ಉಳಿಯುತ್ತದೆ. ನನಗೆ ತೋರುವ ಉತ್ತರ ಇದು. ಕಾನೂನು ಹಿಡಿಯುವುದು ವಿಧಿಯನ್ನು, ಮುತ್ತು ಕಟ್ಟುವ ಆ ಒಂದು ದಿನವನ್ನು. ಮಗುವಿನ ಪಾಲಿಗೆ ತೀರ್ಮಾನವಾಗುವುದು ಅದಕ್ಕೂ ಎಷ್ಟೋ ಮುಂಚೆ, ಮನೆಯಲ್ಲಿ ಬಾಚಣಿಗೆ ನಿಂತ ದಿನ. ತಲೆಯಲ್ಲಿ ಒಂದು ಗಂಟು ಕಂಡು, ನೆರೆಯ ಹಿರಿಯಳೊಬ್ಬಳು ‘ಅವ್ವ ಬಂದಾಳ, ಕತ್ತರಿ ಹಚ್ಚಬ್ಯಾಡ್ರಿ’ ಎಂದ ಮೇಲೆ ಆ ಹುಡುಗಿಯನ್ನು ಬೆಳೆಸುವ ರೀತಿಯೇ ಬೇರೆಯಾಗುತ್ತದೆ. ಅವಳ ತಲೆಗೆ ಎರೆಯಲು ಹೆದರುತ್ತಾರೆ, ಅವಳನ್ನು ಬೈಯಲು ಹೆದರುತ್ತಾರೆ. ಶಾಲೆಯಲ್ಲಿ ಹೇನು, ವಾಸನೆ ಎಂದು ಪಕ್ಕದ ಮಕ್ಕಳು ದೂರ ಸರಿಯುತ್ತಾರೆ. ಮನೆಯಲ್ಲಿ ದೇವರು, ಶಾಲೆಯಲ್ಲಿ ಹೊರಗಿನವಳು. ಮುತ್ತು ಕಟ್ಟುವ ಹೊತ್ತಿಗೆ ಅವಳು ಆಗಲೇ ಬೇರೆಯವಳಾಗಿರುತ್ತಾಳೆ.

ಜಡೆಯ ಬಗ್ಗೆ ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಶ್ರೀಲಂಕಾದ ಗಣನಾಥ ಒಬೆಯೆಸೇಕರ ತಮ್ಮ 1981ರ ‘ಮೆಡೂಸಾಸ್ ಹೇರ್’ ಕೃತಿಯಲ್ಲಿ ಕತರಗಾಮದ ಜಡೆಧಾರಿ ಸಂನ್ಯಾಸಿನಿಯರ ಬದುಕನ್ನು ಕೂಲಂಕಷವಾಗಿ ಪರಿಶೀಲಿಸಿದರು. ಜಡೆಯ ಅರ್ಥ ಆಯಾ ಹೆಣ್ಣಿನ ಸ್ವಂತ ಸಂಕಟದಿಂದ ಹುಟ್ಟುತ್ತದೆ, ಅದು ಸಮಾಜ ಹೊರಿಸಿದ ಬರಿಯ ಸಂಕೇತವಲ್ಲ ಎಂಬುದು ಅವರ ವಾದ. ಗಂಡನನ್ನು, ಮಕ್ಕಳನ್ನು, ಸಂಸಾರವನ್ನು ಕಂಡು ನೊಂದ ವಯಸ್ಕ ಹೆಂಗಸರ ವಿಷಯದಲ್ಲಿ ಈ ಮಾತು ಒಪ್ಪುತ್ತದೆ. ಐದಾರು ವರ್ಷದ ಹುಡುಗಿಯ ವಿಷಯದಲ್ಲಿ ಒಪ್ಪುವುದಿಲ್ಲ. ಅವಳ ಕೂದಲಿಗೆ ಅವಳದೇ ಆದ ಅರ್ಥ ಇನ್ನೂ ಹುಟ್ಟಿರುವುದಿಲ್ಲ. ಅಲ್ಲಿ ಅರ್ಥ ಹೇಳುವವರೆಲ್ಲ ದೊಡ್ಡವರೇ.

ಈ ಭಯ ನಮ್ಮ ನಾಡಿಗೆ ಮಾತ್ರ ಸೇರಿದ್ದಲ್ಲ. ಪೋಲೆಂಡಿನ ಹಳ್ಳಿಗಳಲ್ಲಿ ಹತ್ತೊಂಬತ್ತನೆಯ ಶತಮಾನದವರೆಗೂ ಗಂಟುಗಟ್ಟಿದ ಕೂದಲನ್ನು ಕತ್ತರಿಸಲು ಹೆದರುತ್ತಿದ್ದರು. ಮೈಯೊಳಗಿನ ಬೇನೆ ಕೂದಲಿನ ಮೂಲಕ ಹೊರಬರುತ್ತದೆ, ಕತ್ತರಿಸಿದರೆ ಒಳಕ್ಕೆ ತಿರುಗಿ ಕುರುಡು, ಹುಚ್ಚು ಹಿಡಿಯುತ್ತದೆ ಎಂಬ ನಂಬಿಕೆ ಅಲ್ಲಿತ್ತು. ವೈದ್ಯರು ಅದಕ್ಕೆ ‘ಪ್ಲೈಕಾ ಪೊಲೊನಿಕಾ’ ಎಂದು ರೋಗದ ಹೆಸರನ್ನೇ ಕೊಟ್ಟಿದ್ದರು. ಕ್ರಾಕೋವಿನ ವೈದ್ಯ ಯೂಸೆಫ್ ಡೀಟ್ಲ್ ಇದು ರೋಗವಲ್ಲ, ಬಾಚದ ಕೂದಲು ಎಂದು ವಾದಿಸಿ ಅದರ ವಿರುದ್ಧ ಪ್ರಚಾರ ನಡೆಸಿದ. ಮುಂದೆ ಆತ ಆ ನಗರದ ಮೇಯರೂ ಆದ. ಪೋಲೆಂಡಿನ ರೈತನ ಭಯವೂ ಅಥಣಿಯ ತಾಯಿಯ ಭಯವೂ ಒಂದೇ ಜಾತಿಯವು. ಆದರೆ ಅಲ್ಲಿ ಆ ಗಂಟಿನ ಹಿಂದೆ ಮಗುವನ್ನು ಒಯ್ಯುವ ವ್ಯವಸ್ಥೆ ಇರಲಿಲ್ಲ. ಇಲ್ಲಿ ಇತ್ತು. ನಮ್ಮ ಕತೆಯ ಕ್ರೌರ್ಯ ನಂಬಿಕೆಯಲ್ಲಿರುವುದಕ್ಕಿಂತ ಹೆಚ್ಚಾಗಿ, ಆ ನಂಬಿಕೆಗಾಗಿ ಕಾದು ಕುಳಿತವರಲ್ಲಿದೆ.

ಹಾಗಾದರೆ ಓದುವ ಬಗೆ ಬದಲಾದದ್ದು ಹೇಗೆ? ಬೆಳಗಾವಿ ಜಿಲ್ಲೆಯಲ್ಲಿ ಆ ಕೆಲಸದ ದೊಡ್ಡ ಪಾಲು ಮಾಡಿದವರು ಜಡೆ, ಮುತ್ತುಗಳನ್ನು ಸ್ವತಃ ಹೊತ್ತ ಹೆಂಗಸರು. 1990ರ ದಶಕದ ಆರಂಭದಲ್ಲಿ ಮೈರಾಡ ಸಂಸ್ಥೆ ಮತ್ತು ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಯೋಜನೆಯಾಗಿ ಶುರುವಾದ ಕೆಲಸ, 1997ರಲ್ಲಿ ಘಟಪ್ರಭಾದಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಎಂಬ ಮಾಜಿ ದೇವದಾಸಿಯರದೇ ಸಂಘಟನೆಯಾಯಿತು. ‘ಮಾಸ್’ ಎಂದರೆ ಆ ಕಡೆ ಎಲ್ಲರಿಗೂ ಗೊತ್ತು. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿ ಚಿಕ್ಕೋಡಿ ತಾಲ್ಲೂಕಿನ ಕಬ್ಬೂರಿನವರು. ಏಳನೆಯ ವಯಸ್ಸಿನಲ್ಲಿ ಅವರಿಗೆ ಮುತ್ತು ಕಟ್ಟಲಾಗಿತ್ತು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಈ ಹೆಂಗಸರಿಗೆ ಕಾನೂನಿಗಿಂತ ಒಂದು ಅನುಕೂಲ ಹೆಚ್ಚಾಗಿತ್ತು. ಮಗುವಿನ ತಲೆಯಲ್ಲಿ ಗಂಟು ಕಂಡು ನಡುಗುವ ತಾಯಿಯ ಎದುರು ಕುಳಿತು, ‘ಕೂಸಿನ ತಲಿ ಬಾಚವ್ವ, ಏನೂ ಆಗೂದಿಲ್ಲ’ ಎನ್ನಲು ಪೊಲೀಸರಿಂದಲೂ ಆಗುವುದಿಲ್ಲ, ಪ್ರಾಧ್ಯಾಪಕರಿಂದಲೂ ಆಗುವುದಿಲ್ಲ. ಎಲ್ಲಮ್ಮನಿಗೆ ತನ್ನ ಬಾಲ್ಯವನ್ನೇ ಕೊಟ್ಟವಳು ಹೇಳಿದರೆ ಆ ಮಾತಿಗೆ ತೂಕವಿದೆ. ಗಡಿಯಾಚೆ ಮಹಾರಾಷ್ಟ್ರದಲ್ಲಿ ನರೇಂದ್ರ ದಾಭೋಲ್ಕರ್ ಕಟ್ಟಿದ ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ಕಾರ್ಯಕರ್ತರೂ ಜಡೆ ತೆಗೆಯುವ ಕೆಲಸ ಮಾಡಿದ್ದಾರೆ. ಅಲ್ಲಿಯೂ ಮೊದಲು ಬೇಕಾಗುವುದು ತಾಯಿಯ ಭಯವನ್ನು ಇಳಿಸುವ ಮಾತು, ಕತ್ತರಿ ಅದರ ನಂತರದ್ದು.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಅಮೆರಿಕದ ಮಾನವಶಾಸ್ತ್ರಜ್ಞೆ ಲುಸಿಂಡಾ ರಾಂಬರ್ಗ್ ಉತ್ತರ ಕರ್ನಾಟಕದ ಜೋಗತಿಯರ ನಡುವೆ ಕ್ಷೇತ್ರಕಾರ್ಯ ಮಾಡಿ 2014ರಲ್ಲಿ ಪ್ರಕಟಿಸಿದ ‘ಗಿವನ್ ಟು ದ ಗಾಡೆಸ್’ ಕೃತಿ, ಸುಧಾರಣೆಯ ಹೆಸರಿನಲ್ಲಿ ಜೋಗತಿಯರ ಜಡೆ ಕತ್ತರಿಸುವ ಕೆಲಸವನ್ನೂ ಪ್ರಶ್ನೆಗೆ ಒಡ್ಡುತ್ತದೆ. ಜಡೆ ಹೊತ್ತ ಜೋಗತಿಗೆ ದೇವಿ ತನ್ನ ಮೈಯಲ್ಲೇ ಇದ್ದಾಳೆ. ಅದನ್ನು ಕೊಳಕು ಎಂದು ಕರೆಯುವವರು ಅವಳ ಲೋಕವನ್ನೇ ಕೊಳಕು ಎನ್ನುತ್ತಿರುತ್ತಾರೆ. ಈ ಎಚ್ಚರ ಅಗತ್ಯ. ಅರವತ್ತು ವರ್ಷದ ಜೋಗತಿ ತನ್ನ ಜಡೆಯನ್ನು ಉಳಿಸಿಕೊಳ್ಳುತ್ತೇನೆ ಎಂದರೆ ಅದು ಅವಳ ಹಕ್ಕು. ಶೂನ್ಯಸಂಪಾದನೆಯಲ್ಲಿ ಅಲ್ಲಮ, ಕೂದಲಿನಿಂದ ಮೈ ಮುಚ್ಚಿಕೊಂಡು ಬಂದ ಅಕ್ಕನನ್ನು ಅದೇ ಕೂದಲಿನ ಬಗ್ಗೆ ಕೇಳುತ್ತಾನೆ. ಅಕ್ಕ ತಾನೇ ಉತ್ತರ ಕೊಡುತ್ತಾಳೆ. ವಯಸ್ಕಳಿಗೆ ಉತ್ತರ ಕೊಡುವ ಬಾಯಿ ಇದೆ. ಮಗುವಿನ ಪರವಾಗಿ ನಾವು ಮಾಡಬಹುದಾದದ್ದು ಒಂದೇ, ಅವಳು ಉತ್ತರ ಕೊಡುವ ವಯಸ್ಸಿಗೆ ಬರುವವರೆಗೆ ಅವಳ ಕೂದಲಿನ ಮೇಲೆ ಯಾರೂ ತೀರ್ಪು ಬರೆಯದಂತೆ ನೋಡಿಕೊಳ್ಳುವುದು.

ಇನ್ನು ಮೊದಲಿನ ಮಾತಿಗೆ, ಕೆಂಚಿಗೆ ಬರೋಣ. ದೇವರ ಕರೆಯೆಂದು ಓದಿದ ಕೂದಲನ್ನು ವೈದ್ಯಶಾಸ್ತ್ರ ಬೇರೆ ರೀತಿ ಓದಿತು. 1930ರ ದಶಕದಲ್ಲಿ ಆಫ್ರಿಕದ ಗೋಲ್ಡ್ ಕೋಸ್ಟ್‌ನಲ್ಲಿ, ಅಂದರೆ ಇಂದಿನ ಘಾನಾದಲ್ಲಿ, ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಕೈಕಾಲು ಊದಿಕೊಂಡ, ಕೂದಲು ಕೆಂಪಗಾಗಿ ತೆಳುವಾದ ಮಕ್ಕಳನ್ನು ಕಂಡಳು. ಅಲ್ಲಿಯ ತಾಯಂದಿರು ಆ ಬೇನೆಗೆ ತಮ್ಮ ಗಾ ಭಾಷೆಯಲ್ಲಿ ‘ಕ್ವಾಶಿಯೋರ್ಕರ್’ ಎನ್ನುತ್ತಿದ್ದರು. ಮುಂದಿನ ಕೂಸು ಹುಟ್ಟಿದಾಗ ಎದೆಹಾಲು ತಪ್ಪಿದ ಹಿರಿಯ ಕೂಸಿಗೆ ಬರುವ ಬೇನೆ ಎಂದು ಅದರ ಅರ್ಥ. ವಿಲಿಯಮ್ಸ್ 1935ರಲ್ಲಿ ಅದೇ ಹೆಸರನ್ನು ವೈದ್ಯಲೋಕದ ಮುಂದಿಟ್ಟಳು. ತಾಯಂದಿರು ಹೆಸರಿನಲ್ಲೇ ಕಾರಣವನ್ನು ಹೇಳಿದ್ದರು. ಕೇಳಿಸಿಕೊಳ್ಳುವವರು ಬೇಕಾಗಿದ್ದರು. ಮಗುವಿನ ಕಪ್ಪು ಕೂದಲು ಕೆಂಚಗಾಗುವುದು ಪೋಷಣೆಯ ಕೊರತೆಯ ಗುರುತಾಗಿರಬಹುದು ಎಂಬುದು ಇಂದು ಮಕ್ಕಳ ವೈದ್ಯರಿಗೆಲ್ಲ ಗೊತ್ತಿರುವ ಪಾಠ. ಒಳ್ಳೆಯ ಊಟ ಸಿಕ್ಕ ಮೇಲೆ ಹೊಸದಾಗಿ ಬೆಳೆಯುವ ಕೂದಲು ಕಪ್ಪಗಿರುತ್ತದೆ. ಹಸಿದ ತಿಂಗಳುಗಳು ಕೆಂಪು ಪಟ್ಟಿಯಾಗಿ, ಉಂಡ ತಿಂಗಳುಗಳು ಕಪ್ಪು ಪಟ್ಟಿಯಾಗಿ ಒಂದೇ ಎಳೆಯಲ್ಲಿ ಕಾಣುವುದೂ ಉಂಟು.

ಹಸಿವು ಈ ಸೀಮೆಗೆ ಹೊಸದಲ್ಲ. 1876-78ರ ಮಹಾಕ್ಷಾಮ ಬೆಳಗಾವಿ, ಕಲಾದಗಿ ಜಿಲ್ಲೆಗಳನ್ನು ಹಿಂಡಿತು. 1872ರ ಜನಗಣತಿಗೆ ಹೋಲಿಸಿದರೆ 1881ರಲ್ಲಿ ಬೆಳಗಾವಿ ಜಿಲ್ಲೆಯ ಜನಸಂಖ್ಯೆ ಕಡಿಮೆಯಾಗಿತ್ತು. ಕ್ಷಾಮದ ವರದಿಗಳು ಸತ್ತವರನ್ನು, ಕೂಲಿಗೆ ಬಂದವರನ್ನು ಎಣಿಸಿದವು. ಮಗುವಿನ ಹಸಿವು ಸರ್ಕಾರ ಅಳೆಯಬೇಕಾದ ವಿಷಯ ಎಂಬ ತಿಳಿವಳಿಕೆ ಬರಲು ಮತ್ತೂ ಒಂದು ಶತಮಾನ ಬೇಕಾಯಿತು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಶುರುವಾಯಿತು. ಕರ್ನಾಟಕದಲ್ಲಿ ಅದರ ಮೊದಲ ತಾಣ ಟಿ. ನರಸೀಪುರ. ಮುಂದೆ ಅದು ಅಂಗನವಾಡಿಯ ರೂಪದಲ್ಲಿ ಈ ತಾಲ್ಲೂಕುಗಳಿಗೂ ಬಂತು. ಮಗುವನ್ನು ತಕ್ಕಡಿಯಲ್ಲಿ ತೂಗುವ ಕಾರ್ಯಕರ್ತೆ ಊರಿಗೆ ಬಂದದ್ದು ಸಣ್ಣ ಸಂಗತಿಯಲ್ಲ. ಕೆಂಚುಗೂದಲನ್ನು ಓದಬಲ್ಲ ಇನ್ನೊಬ್ಬಳು ಓಣಿಯಲ್ಲಿ ಸಿಕ್ಕಂತಾಯಿತು.

ಎರಡು ಓದುಗಳಲ್ಲಿ ವ್ಯತ್ಯಾಸ ಇರುವುದು ಬಾಕಿ ಯಾರದು ಎಂಬಲ್ಲಿ. ಕೂದಲು ದೇವಿಯ ಗುರುತಾದರೆ ಮನೆಯವರು ದೇವಿಗೆ ಬಾಕಿದಾರರು, ಅದನ್ನು ಮಗಳಿಂದ ತೀರಿಸಬೇಕು. ಕೂದಲು ಹಸಿವಿನ ಗುರುತಾದರೆ ಬಾಕಿದಾರರು ನಾವು, ಅಂದರೆ ಊರು, ಸರ್ಕಾರ, ತಾಯಿಯ ಕೂಲಿಯನ್ನು ಕಡಿಮೆ ಕೊಟ್ಟವರು. ಬಾಕಿ ತೀರಿಸಬೇಕಾದದ್ದು ಮೊಟ್ಟೆ, ಹಾಲು, ಬೇಳೆಯ ರೂಪದಲ್ಲಿ, ಕೈತುಂಬ ಕೂಲಿಯ ರೂಪದಲ್ಲಿ. ಮೊದಲನೆಯ ಓದನ್ನು ಮೂಢನಂಬಿಕೆ ಎಂದು ಬೈದು, ಎರಡನೆಯದರ ಹೊಣೆ ಹೊರದೆ ಹೋದರೆ ತಾಯಿಯ ಕೈಯಲ್ಲಿ ಏನೂ ಉಳಿಯುವುದಿಲ್ಲ. ದೇವರನ್ನೂ ಕಸಿದುಕೊಂಡೆವು, ಅನ್ನವನ್ನೂ ಕೊಡಲಿಲ್ಲ ಎಂದಾಗುತ್ತದೆ. ಹಾಗೆ ಬರಿಗೈಯಾದ ತಾಯಿ ಮತ್ತೆ ಗುಡ್ಡದ ಕಡೆ ಮುಖ ಮಾಡಿದರೆ ಆಶ್ಚರ್ಯವಿಲ್ಲ.

ಇತಿಹಾಸದ ವಿದ್ಯಾರ್ಥಿಗಳು ಕಾಯಿದೆಗಳ ವರ್ಷ, ಸಮೀಕ್ಷೆಗಳ ಸಂಖ್ಯೆ ಹುಡುಕುತ್ತೇವೆ. ಅವು ಬೇಕು. ಆದರೆ ಈ ಐದು ತಾಲ್ಲೂಕುಗಳಲ್ಲಿ ಹೆಣ್ಣುಮಗುವಿನ ಚರಿತ್ರೆ ಬರೆಯುವವರು ಇನ್ನೊಂದು ವಸ್ತುವನ್ನೂ ಸಾಕ್ಷಿಯೆಂದು ಎಣಿಸಬೇಕು. ಅದು ಮರದ ಬಾಚಣಿಗೆ. ಅದು ಯಾವ ಮನೆಯಲ್ಲಿ ನಿಂತಿತು, ಯಾರ ಮಾತು ಕೇಳಿ ನಿಂತಿತು, ಮತ್ತೆ ಯಾರು ಅದನ್ನು ಕೈಗೆತ್ತಿಕೊಂಡರು ಎಂಬುದು ಯಾವ ದಫ್ತರದಲ್ಲೂ ದಾಖಲಾಗಿಲ್ಲ. ಅದನ್ನು ಕೈಗೆತ್ತಿಕೊಂಡ ತಾಯಂದಿರಲ್ಲಿ ಎಷ್ಟೋ ಜನರ ಕೊರಳಲ್ಲಿ ಹಿಂದೆ ಮುತ್ತು ಇತ್ತು. ತಮ್ಮ ತಲೆಯ ಮೇಲೆ ಬೇರೆಯವರು ಬರೆದದ್ದನ್ನು ಅಳಿಸಲಾಗದವರು ಮಗಳ ತಲೆಗೆ ಎಣ್ಣೆ ಹಚ್ಚಿ, ಬೈತಲೆ ತೆಗೆದು, ಎರಡು ಜಡೆ ಹೆಣೆದು, ಕೆಂಪು ರಿಬ್ಬನ್ ಕಟ್ಟಿ ಶಾಲೆಗೆ ಕಳಿಸಿದರು. ಕನ್ನಡದಲ್ಲಿ ಅದಕ್ಕೂ ಜಡೆಯೆಂದೇ ಹೆಸರು.